ಆತ್ಮಹತ್ಯೆ ತಡೆಗೆ ಜಿಲ್ಲಾ ವ್ಯವಸ್ಥೆ: ಚಿಕ್ಕಮಗಳೂರಿಗೆ ಯಾವ ದಾರಿ ಮೊದಲು?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಆತ್ಮಹತ್ಯೆ ತಡೆಗೆ ಬೇಕಾದ ಕೈಗಳು ಬಹುಮಟ್ಟಿಗೆ ಈಗಾಗಲೇ ಇವೆ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಕೊಡುವ ಏರ್ಪಾಡಿದೆ. 108 ಆಂಬುಲೆನ್ಸ್, ಊರೂರಿಗೆ ಆಶಾ ಕಾರ್ಯಕರ್ತೆಯರು, ಹಗಲು ರಾತ್ರಿ ತೆರೆದಿರುವ ಟೆಲಿ ಮನಸ್ ಸಹಾಯವಾಣಿ, ಎಲ್ಲವೂ ಇವೆ. ಆದರೆ ಜೀವ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆಗೆ ಬಂದವರನ್ನು ಕ್ಯಾಶುವಾಲ್ಟಿಯವರು ಉಳಿಸುತ್ತಾರೆ, ಪೊಲೀಸರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ) ಮಾಹಿತಿ ಪಡೆಯುತ್ತಾರೆ, ವಾರ್ಡಿನವರು ಡಿಸ್ಚಾರ್ಜ್ ಮಾಡುತ್ತಾರೆ. ಎಲ್ಲರೂ ತಂತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರೂ, ಮನೆಗೆ ಹೋದವರು ಮೂರನೆಯ ದಿನ ಹೇಗಿದ್ದಾರೆಂದು ವಿಚಾರಿಸುವ ಹೊಣೆ ಯಾರದ್ದೂ ಆಗದೆ ಉಳಿದುಬಿಡಬಹುದು. ಸುಸಂಘಟಿತ ವ್ಯವಸ್ಥೆ ಎಂದರೆ ಆ ಮೂರನೆಯ ದಿನಕ್ಕೆ ಒಬ್ಬರ ಹೆಸರು ಬರೆದಿಡುವುದು.

ತಾಲ್ಲೂಕು ಆರೋಗ್ಯಾಧಿಕಾರಿಗಳು, ಆಸ್ಪತ್ರೆಯ ಆಡಳಿತ ನೋಡುವವರು, ಪಂಚಾಯಿತಿ ಸದಸ್ಯರು, ಈ ಕೆಲಸಕ್ಕೆ ಕೈಜೋಡಿಸಬೇಕೆಂದಿರುವ ಸಂಘ ಸಂಸ್ಥೆಯವರು ಸೀಮಿತ ಹಣ ಮತ್ತು ಸೀಮಿತ ಸಿಬ್ಬಂದಿಯಲ್ಲಿ ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಆಮೇಲೆ ಎಂದು ತೂಗಿ ನೋಡಲು ನೆರವಾಗಲೆಂದು ಇದನ್ನು ಬರೆದಿದ್ದೇನೆ. ಓದುತ್ತಿರುವವರಲ್ಲಿ ಯಾರಾದರೂ ಸ್ವತಃ ಇಂಥ ಸಂಕಟದಲ್ಲಿದ್ದರೆ ಓದನ್ನು ಇಲ್ಲಿಗೇ ನಿಲ್ಲಿಸಿ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಹಣ ಖರ್ಚಾಗುವುದಿಲ್ಲ.

ಅರಿವಿನ ಶಿಬಿರವೋ, ಆಸ್ಪತ್ರೆಗೆ ಬಂದವರ ಬೆನ್ನಿಗೆ ನಿಲ್ಲುವುದೋ

ಮೊದಲ ಆಯ್ಕೆ ಇದು. ಸೆಪ್ಟೆಂಬರ್ 10ರ ಆತ್ಮಹತ್ಯೆ ತಡೆ ದಿನ ಬಂತೆಂದರೆ ಜಾಥಾ, ಕಾಲೇಜಿನಲ್ಲಿ ಉಪನ್ಯಾಸ, ಗೋಡೆ ಬರಹ ನಡೆಯುತ್ತವೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ 2001 ಮತ್ತು 2002ರಲ್ಲಿ ಕುಟುಂಬ ವೈದ್ಯರ ತರಬೇತಿ, ಸಾರ್ವಜನಿಕ ಪ್ರಚಾರ, ಶಿಕ್ಷಕರು ಮತ್ತು ಪೊಲೀಸರಂಥವರ ತರಬೇತಿ, ರೋಗಿಗಳಿಗೆ ನೇರ ನೆರವು, ಈ ನಾಲ್ಕನ್ನೂ ಏಕಕಾಲಕ್ಕೆ ನಡೆಸಿದಾಗ ಯತ್ನ ಮತ್ತು ಸಾವು ಎರಡೂ ಸೇರಿ ಸುಮಾರು 24 ಪ್ರತಿಶತ ಇಳಿದವು. ಆದರೆ ಅಲ್ಲಿ ನಾಲ್ಕೂ ಒಟ್ಟಿಗೆ ನಡೆದವು. ನಾವು ಅದರಲ್ಲಿ ಪ್ರಚಾರವೊಂದನ್ನೇ ಎತ್ತಿಕೊಂಡು ಅದೇ ಫಲ ನಿರೀಕ್ಷಿಸುವಂತಿಲ್ಲ.

ಇನ್ನೊಂದು ಕಡೆ, ಹಿಂದೊಮ್ಮೆ ಯತ್ನಿಸಿದ್ದವರೇ ಮತ್ತೆ ಹೆಚ್ಚಿನ ಅಪಾಯದಲ್ಲಿರುವವರು ಎಂಬುದು ಬಹುಕಾಲದಿಂದ ತಿಳಿದಿರುವ ವಿಷಯ. ಒಂದು ಸಾವಿಗೆ ಇಪ್ಪತ್ತಕ್ಕೂ ಹೆಚ್ಚು ಯತ್ನಗಳಿರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ, ಮತ್ತು ಆ ಯತ್ನಗಳಲ್ಲಿ ಒಂದು ಪಾಲು ನಮ್ಮ ತಾಲ್ಲೂಕು ಆಸ್ಪತ್ರೆಗಳ ಬಾಗಿಲಿಗೇ ಬರುತ್ತದೆ. ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ. ಅದೇ ಸಂಸ್ಥೆ ಚೆನ್ನೈ ಸೇರಿ ಐದು ದೇಶಗಳ ಐದು ಕೇಂದ್ರಗಳಲ್ಲಿ 1,867 ಜನರನ್ನು ಒಳಗೊಂಡು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಡಿಸ್ಚಾರ್ಜಿಗೆ ಮುನ್ನ ಸುಮಾರು ಒಂದು ಗಂಟೆಯ ಮಾತುಕತೆ, ನಂತರ ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ಫೋನು ಅಥವಾ ಭೇಟಿ, ಅಷ್ಟೇ ಅಲ್ಲಿ ಮಾಡಿದ್ದು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 2.2 ಪ್ರತಿಶತ ಜನ ಆ ಅವಧಿಯಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡರೆ, ಹೀಗೆ ವಿಚಾರಿಸಿಕೊಳ್ಳಲಾದವರ ಗುಂಪಿನಲ್ಲಿ ಅದು 0.2 ಪ್ರತಿಶತವಾಗಿತ್ತು. ಒಂಬತ್ತು ಸಂಪರ್ಕಗಳಲ್ಲಿ ಐದು ಮೊದಲ ಹನ್ನೊಂದು ವಾರಗಳಲ್ಲೇ ಮುಗಿಯುತ್ತವೆ ಎಂಬುದನ್ನು ಗಮನಿಸಬೇಕು: ಒಂದು, ಎರಡು, ನಾಲ್ಕು, ಏಳು ಮತ್ತು ಹನ್ನೊಂದನೆಯ ವಾರ. ಉಳಿದ ನಾಲ್ಕು 4, 6, 12 ಮತ್ತು 18ನೆಯ ತಿಂಗಳಿಗೆ ಬರುತ್ತವೆ. ಮಾಡುವವರು ಮನೋವೈದ್ಯರೇ ಆಗಬೇಕೆಂದಿಲ್ಲ. ತರಬೇತಿ ಪಡೆದ ಶುಶ್ರೂಷಾಧಿಕಾರಿ ಸಾಕು.

ಆದ್ದರಿಂದ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಶಿಬಿರವನ್ನು ಮುಂದಕ್ಕೆ ಹಾಕಿ, ಆಸ್ಪತ್ರೆಗೆ ಬಂದವರಿಂದಲೇ ಆರಂಭಿಸುವುದು ಸರಿ. ಜನರಿಗೆ ಅರಿವು ಮೂಡಿಸಿ ಆಸ್ಪತ್ರೆಗೆ ಕಳುಹಿಸಿದ ಮೇಲೆ, ಅಲ್ಲಿ ಬಂದವರನ್ನು ಹಿಡಿದಿಟ್ಟುಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಆ ಅರಿವು ಒಂದು ಮುರಿದ ಮಾತಾಗುತ್ತದೆ.

ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆರೋಗ್ಯ ಸಂಸ್ಥೆ 2001ರಲ್ಲಿ ಆರಂಭಿಸಿದ, ಮುಂದೆ ‘ಶೂನ್ಯ ಆತ್ಮಹತ್ಯೆ’ ಎಂಬ ಮಾದರಿಗೆ ದಾರಿಯಾದ ಕೆಲಸವನ್ನು ಇಲ್ಲಿ ಹಲವರು ಉದಾಹರಿಸುತ್ತಾರೆ. ತಮ್ಮ ಆರೈಕೆಯಲ್ಲಿರುವ ಒಬ್ಬರೂ ಕೈತಪ್ಪಬಾರದೆಂಬ ಅದರ ಹಟ ನಮಗೂ ಬೇಕು. ಆದರೆ ಅದು ನಿಂತಿರುವುದು ಒಂದೇ ಸಂಸ್ಥೆಗೆ ನೋಂದಾಯಿಸಿಕೊಂಡ ಸದಸ್ಯರು ಮತ್ತು ಒಂದೇ ಗಣಕೀಕೃತ ದಾಖಲೆಯ ಮೇಲೆ. ನಮ್ಮಲ್ಲಿ ಒಬ್ಬರೇ ರೋಗಿ ಒಂದೇ ವಾರದಲ್ಲಿ ಮೂರು ಆಸ್ಪತ್ರೆ ಕಂಡಿರುತ್ತಾರೆ.

ರಿಜಿಸ್ಟರ್ ಯಾರ ಮೇಜಿನ ಮೇಲೆ?

ಯತ್ನಿಸಿ ಬಂದವರ ಹೆಸರು ಬರೆದಿಟ್ಟು ಅವರನ್ನು ವಿಚಾರಿಸಿಕೊಳ್ಳಲು ಒಂದು ರಿಜಿಸ್ಟರ್ ಬೇಕು. ಅದನ್ನು ಯಾರು ಇಡಬೇಕೆಂಬುದು ಮೇಲ್ನೋಟಕ್ಕೆ ಗುಮಾಸ್ತಿಕೆಯ ಪ್ರಶ್ನೆ. ಆದರೆ ಇಡೀ ವ್ಯವಸ್ಥೆ ಉಳಿಯುವುದು, ಮುರಿಯುವುದು ಇದರ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಿಲ್ಲಾ ತಂಡದ ಕೈಯಲ್ಲಿ ಒಂದೇ ರಿಜಿಸ್ಟರ್ ಇಡುವುದು ಮೊದಲ ದಾರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ರಚನೆಯಲ್ಲೇ ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋಸಾಮಾಜಿಕ ಕಾರ್ಯಕರ್ತರು, ದಾಖಲೆ ಸಹಾಯಕರು ಇರಬೇಕೆಂದಿದೆ. ಆದ್ದರಿಂದ ತಿಳಿವಳಿಕೆಯ ದೃಷ್ಟಿಯಿಂದ ಇದೇ ಉತ್ತಮ. ದೂರದ ದೃಷ್ಟಿಯಿಂದ ಮಾತ್ರ ಕಷ್ಟ. ಕಳಸದಲ್ಲೋ ಶೃಂಗೇರಿಯಲ್ಲೋ ರಾತ್ರಿ ಬಂದು ಬೆಳಿಗ್ಗೆ ಹೊರಟವರ ಸುದ್ದಿ ಜಿಲ್ಲಾ ಕೇಂದ್ರಕ್ಕೆ ತಲುಪುವುದು ತಿಂಗಳ ವರದಿಯಲ್ಲಿ, ಬರೀ ಅಂಕಿಯಾಗಿ. ಎರಡನೆಯ ದಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿ ರಿಜಿಸ್ಟರ್ ಇಡುತ್ತಾರೆ. ಮನೆಗೆ ತೀರಾ ಹತ್ತಿರ, ಆದರೆ ರಕ್ತದೊತ್ತಡ, ಮಧುಮೇಹ, ಲಸಿಕೆ, ಗರ್ಭಿಣಿಯರ ನೋಂದಣಿಯ ನಡುವೆ ಇನ್ನೊಂದು ಪುಸ್ತಕ ಸೇರುತ್ತದೆ, ಮತ್ತು ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ ಇಂಥ ಪ್ರಕರಣಗಳು ಅಪರೂಪವಾದ್ದರಿಂದ ಕೈ ಪಳಗುವುದಿಲ್ಲ.

ನಡುವಿನ ದಾರಿ ತಾಲ್ಲೂಕು ಆಸ್ಪತ್ರೆ. ಅಲ್ಲಿನ ಒಬ್ಬ ಶುಶ್ರೂಷಾಧಿಕಾರಿಗೆ, ರಜೆಯಲ್ಲಿದ್ದಾಗ ಅವರ ಜಾಗಕ್ಕೆ ನಿಲ್ಲುವ ಇನ್ನೊಬ್ಬರಿಗೆ, ಆದೇಶದಲ್ಲಿ ಹೆಸರು ಹಾಕಿ ಈ ಹೊಣೆ ಕೊಡುವುದು. ಅವರು ಪ್ರತಿ ಮಂಗಳವಾರ ಮನೋವೈದ್ಯರ ಮುಂದೆ ಪುಸ್ತಕ ತೆರೆದು ಆ ವಾರದ ಒಂದೊಂದು ಹೆಸರನ್ನೂ ಚರ್ಚಿಸುವುದು. ನಾನು ಒಲಿಯುವುದು ಇದಕ್ಕೆ. ವಾರಕ್ಕೊಂದು ನಿಗದಿತ ದಿನ ಮೊದಲೇ ಇರುವುದರಿಂದ ಹೊಸ ಸಭೆ ಕರೆಯಬೇಕಾಗಿಲ್ಲ.

ಇಲ್ಲಿ ಮಲೆನಾಡಿನ ತಾಲ್ಲೂಕುಗಳಿಗೆ ಬಹಳ ಮುಖ್ಯವಾದ ಮಾತೊಂದಿದೆ. ಸ್ಥಿತಿ ಗಂಭೀರವಾದರೆ ಕೊಪ್ಪ, ಶೃಂಗೇರಿಯವರನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೋ, ಇತ್ತ ಶಿವಮೊಗ್ಗಕ್ಕೋ ಒಯ್ಯುತ್ತಾರೆ. ಮೂಡಿಗೆರೆಯವರನ್ನು ಚಾರ್ಮಾಡಿಯ ಮೇಲೆ ಮಂಗಳೂರಿಗೋ, ಹಾಸನಕ್ಕೋ. ತರೀಕೆರೆಯವರಿಗೆ ಶಿವಮೊಗ್ಗವೇ ಹತ್ತಿರ. ಹಾಗೆ ಹೋದವರು ಬದುಕಿ ಉಳಿದು, ಹೊರ ಜಿಲ್ಲೆಯ ಆಸ್ಪತ್ರೆಯಿಂದ ಡಿಸ್ಚಾರ್ಜ್ ಚೀಟಿ ಹಿಡಿದು ನೇರ ಮನೆಗೆ ಬರುತ್ತಾರೆ. ಡಿಸ್ಚಾರ್ಜ್ ಆದವರ ಹೆಸರು ಬರೆದುಕೊಳ್ಳುವ ರಿಜಿಸ್ಟರಿನಲ್ಲಿ ಇವರ ಹೆಸರು ಬರುವುದೇ ಇಲ್ಲ, ಮತ್ತು ಇವರೇ ಎಲ್ಲರಿಗಿಂತ ಗಂಭೀರವಾಗಿ ಯತ್ನಿಸಿದವರು. ಆದ್ದರಿಂದ ಹೆಸರು ದಾಖಲಾಗಬೇಕಾದದ್ದು ರೆಫರ್ ಮಾಡಿ ಆಂಬುಲೆನ್ಸ್ ಹತ್ತಿಸುವಾಗ. ಜೊತೆಗೆ ಹೋಗುವವರ ಫೋನ್ ನಂಬರನ್ನು ಅಲ್ಲೇ ಬರೆದುಕೊಂಡು, ಎರಡು ದಿನಕ್ಕೊಮ್ಮೆ ‘ಹೇಗಿದ್ದಾರೆ, ಯಾವಾಗ ಬಿಡುತ್ತಾರಂತೆ’ ಎಂದು ಕೇಳುತ್ತಿದ್ದರೆ ಮನೆಗೆ ಬಂದ ದಿನ ತಾನಾಗಿ ತಿಳಿಯುತ್ತದೆ. ಈ ಒಂದು ಬದಲಾವಣೆಗೆ ತಂತ್ರಾಂಶವೂ ಬೇಡ, ಅನುದಾನವೂ ಬೇಡ.

ಫೋನು, ಮನೆ ಭೇಟಿ, ಸಹಾಯವಾಣಿ

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮೇಲ್ಮಟ್ಟದ ಕೇಂದ್ರ. ಅಪರಾತ್ರಿಯಲ್ಲಿ, ಹೆಸರು ಹೇಳಲು ಇಷ್ಟವಿಲ್ಲದವರಿಗೆ, ಊರಿನವರ ಕಣ್ಣಿಗೆ ಬೀಳಬಾರದೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಆದರೆ ಸಹಾಯವಾಣಿಗೆ ಕರೆ ಮಾಡಬೇಕಾದವರು ಸಂಕಟದಲ್ಲಿರುವವರೇ. ‘ಈ ನಂಬರಿಗೆ ಫೋನ್ ಮಾಡಿ’ ಎಂದು ಚೀಟಿ ಕೊಟ್ಟು ಕಳುಹಿಸಿದರೆ ಆಸ್ಪತ್ರೆಯ ಹೊಣೆ ಮುಗಿಯಿತೆಂದು ಭಾವಿಸಬಾರದು. ನಾವೇ ಕರೆ ಮಾಡುವ ಏರ್ಪಾಡಿನ ಬದಲಿಗೆ ಅದನ್ನು ಇಡುವಂತಿಲ್ಲ, ಅದರ ಜೊತೆಗೆ ಇಡಬೇಕು.

ನಾವೇ ಕರೆ ಮಾಡುವುದಾದರೂ ಯಾರ ಫೋನಿಗೆ? ಮೂಡಿಗೆರೆ ಕಡೆಯ ತೋಟವೊಂದರ ಕಾರ್ಮಿಕರ ಲೈನ್ ಮನೆಯಲ್ಲಿರುವ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಕೇಸ್ ಶೀಟಿನಲ್ಲಿರುವುದು ಗಂಡನ ನಂಬರು. ಹಗಲು ಅವಳು ತೋಟದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಸಂಜೆ ಫೋನು ಗಂಡನ ಕೈಯಲ್ಲಿ. ‘ಆಸ್ಪತ್ರೆಯಿಂದ, ಆ ವಿಷಯಕ್ಕೆ’ ಎಂದು ಕರೆ ಬಂದರೆ ಆ ರಾತ್ರಿ ಮನೆಯಲ್ಲಿ ಏನಾಗಬಹುದೆಂದು ಯೋಚಿಸಿಯೇ ಡಯಲ್ ಮಾಡಬೇಕು. ಡಿಸ್ಚಾರ್ಜಿಗೆ ಮುನ್ನ ಅವಳೊಬ್ಬಳನ್ನೇ ಕೂರಿಸಿಕೊಂಡು ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಏನೆಂದು ಹೇಳಿಕೊಂಡು ಕರೆಯಲಿ ಎಂದು ಕೇಳಿ, ಅವಳು ಹೇಳಿದ್ದನ್ನೇ ಬರೆದುಕೊಳ್ಳಬೇಕು. ಅಸ್ಸಾಮಿನಿಂದಲೋ ಉತ್ತರದ ಬೇರೆ ರಾಜ್ಯಗಳಿಂದಲೋ ಬಂದ ಕಾರ್ಮಿಕರಾದರೆ ಭಾಷೆಯ ತೊಡಕೂ ಇದೆ. ಅಲ್ಲಿ ಹಲವು ಭಾರತೀಯ ಭಾಷೆಗಳಲ್ಲಿ ಸಿಗುವ ಟೆಲಿ ಮನಸ್ ನಿಜಕ್ಕೂ ನೆರವಿಗೆ ಬರುತ್ತದೆ.

ಮನೆ ಭೇಟಿಯ ಬಗ್ಗೆ ಅಂಜಿಕೆ ಸಹಜ, ಏಕೆಂದರೆ ಹಳ್ಳಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಆದರೆ ಹೋಲಿಸಿ ನೋಡಬೇಕಾದದ್ದು ಯಾರ ಭೇಟಿ ಎಂಬುದನ್ನು. ಇಲಾಖೆಯ ಜೀಪು ಬಂದು ಒಂದು ಮನೆಯ ಮುಂದೆ ನಿಂತರೆ ಕೇರಿಗೆಲ್ಲ ಪ್ರಶ್ನೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಎಲ್ಲರ ಮನೆಗೂ ಹೋಗುವವಳು, ಅವಳು ಜಗಲಿಯಲ್ಲಿ ಕೂತು ಮಾತನಾಡಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇದೇ ಅವಳ ಬಲ. ಅವಳ ಮಿತಿಯೂ ಅಲ್ಲೇ ಇದೆ, ಏಕೆಂದರೆ ಅವಳು ಅದೇ ಊರಿನವಳು, ಎರಡರಲ್ಲೊಂದು ಮನೆಗೆ ನೆಂಟಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ಆಶಾಗೆ ತಿಳಿಸಬಹುದೇ ಎಂದು ರೋಗಿಯನ್ನು ಕೇಳಿ, ಬೇಡವೆಂದರೆ ತಿಳಿಸದಿರುವುದೇ ನಿಯಮವಾಗಲಿ. ಎರಡು ಬಾರಿ ಫೋನಿಗೆ ಸಿಗದಿದ್ದರೆ ಮಾತ್ರ, ಒಪ್ಪಿಗೆ ಇದ್ದಲ್ಲಿ, ಭೇಟಿಗೆ ಕಳುಹಿಸುವುದು ಕೆಲಸದ ಹೊರೆಯನ್ನೂ ತಗ್ಗಿಸುತ್ತದೆ. ಇಷ್ಟರ ಮೇಲೂ, ಈ ಕೆಲಸಕ್ಕೆ ಆಶಾಗೆ ಪ್ರತ್ಯೇಕ ಪ್ರೋತ್ಸಾಹಧನ ಇಡದೆ ಹೊರೆ ಹೇರುವುದು ಅನ್ಯಾಯ.

ಅಂಕ ಹಾಕುವ ಫಾರಮ್ಮೋ, ಸುರಕ್ಷತಾ ಯೋಜನೆಯೋ

ಅಪಾಯವನ್ನು ಹೆಚ್ಚು, ಮಧ್ಯಮ, ಕಡಿಮೆ ಎಂದು ಅಂಕ ಹಾಕಿ ವಿಂಗಡಿಸುವ ಫಾರಮ್ಮುಗಳು ಆಡಳಿತಕ್ಕೆ ಪ್ರಿಯ, ಏಕೆಂದರೆ ಅವು ಕೋಷ್ಟಕದಲ್ಲಿ ಕೂರುತ್ತವೆ. ಆದರೆ ಮುಂದೆ ಯಾರು ಯತ್ನಿಸುತ್ತಾರೆಂದು ಅವು ಸರಿಯಾಗಿ ಹೇಳಲಾರವು. ಇಂಗ್ಲೆಂಡಿನ ರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2022ರಲ್ಲಿ, ಭವಿಷ್ಯ ಊಹಿಸಲಾಗಲಿ, ಯಾರಿಗೆ ಚಿಕಿತ್ಸೆ ಕೊಡಬೇಕೆಂದು ನಿರ್ಧರಿಸಲಾಗಲಿ ಇಂಥ ಅಂಕಪಟ್ಟಿಗಳನ್ನು ಬಳಸಬೇಡಿ ಎಂದೇ ಹೇಳಿತು. ‘ಕಡಿಮೆ ಅಪಾಯ’ ಎಂದು ಗುರುತು ಹಾಕಿ ಕಳುಹಿಸಿದವರಿಗೆ ಕರೆ ಹೋಗುವುದಿಲ್ಲ, ಅದೇ ಇದರ ನಿಜವಾದ ಹಾನಿ.

ಬದಲಿಗೆ, ರೋಗಿಯ ಜೊತೆ ಕೂತು ಅರ್ಧ ಗಂಟೆಯಲ್ಲಿ ಒಂದು ಹಾಳೆಯ ಮೇಲೆ ಬರೆಯುವ ಸುರಕ್ಷತಾ ಯೋಜನೆ ಹೆಚ್ಚು ಉಪಯುಕ್ತ. ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಲ್ಲಿ ಇದನ್ನು ಫೋನ್ ವಿಚಾರಣೆಯೊಂದಿಗೆ ಸೇರಿಸಿ ನಡೆಸಿದಾಗ ಆರು ತಿಂಗಳೊಳಗಿನ ಆತ್ಮಹತ್ಯಾ ವರ್ತನೆಗಳು ಹತ್ತಿರಹತ್ತಿರ ಅರ್ಧಕ್ಕೆ ಇಳಿದುದನ್ನು 2018ರ ಅಧ್ಯಯನ ತೋರಿಸಿತು. ಹಾಳೆಯಲ್ಲಿರಬೇಕಾದದ್ದು ರೋಗಿಯದೇ ಮಾತು. ‘ಸಂಜೆ ಮಳೆ ಹಿಡಿದು ಕರೆಂಟು ಹೋಗಿ ಒಬ್ಬನೇ ಕೂತರೆ ಯೋಚನೆ ಶುರುವಾಗುತ್ತದೆ’ ಎಂಬುದು ಮುನ್ಸೂಚನೆ. ‘ಆಗ ಎದ್ದು ಅಂಗಡಿ ಕಟ್ಟೆಗೆ ಹೋಗುತ್ತೇನೆ, ಆಗದಿದ್ದರೆ ಬಾಳೆಹೊನ್ನೂರಿನ ತಂಗಿಗೆ ಫೋನ್ ಮಾಡುತ್ತೇನೆ’ ಎಂಬುದು ಅವರೇ ಕಂಡುಕೊಂಡ ದಾರಿ. ‘ತೋಟಕ್ಕೆ ಹೊಡೆಯುವ ಔಷಧಿಯನ್ನು ದೊಡ್ಡಪ್ಪ ತಮ್ಮ ಮನೆಗೆ ಒಯ್ದಿದ್ದಾರೆ’ ಎಂಬುದು ಮನೆಯವರ ಪಾಲು. ಕೊನೆಯಲ್ಲಿ ಶುಶ್ರೂಷಾಧಿಕಾರಿಯ ನಂಬರು ಮತ್ತು 14416. ಹಾಳೆಯ ಒಂದು ಪ್ರತಿ ರೋಗಿಯ ಕೈಯಲ್ಲಿ, ಒಂದು ರಿಜಿಸ್ಟರಿನಲ್ಲಿ ಇದ್ದರೆ ಮೂರನೆಯ ದಿನ ಕರೆ ಮಾಡಿದವರಿಗೆ ಏನು ಮಾತನಾಡಬೇಕೆಂದು ತೋಚದೆ ಹೋಗುವುದಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಕೇಳಿದವರ ಮುಂದೆ ಅನೇಕರು ಹಗುರಾಗುತ್ತಾರೆ.

ಕೀಟನಾಶಕ: ಬೀಗ, ಸಾಮೂಹಿಕ ದಾಸ್ತಾನು, ನಿಷೇಧ

ಜೀವ ತೆಗೆಯಬಲ್ಲ ಸಾಧನ ಕೈಗೆ ಸುಲಭವಾಗಿ ಸಿಗದಂತೆ ಮಾಡುವುದು ಜಗತ್ತಿನಾದ್ಯಂತ ಅತ್ಯಂತ ಗಟ್ಟಿ ಪುರಾವೆಯಿರುವ ತಡೆ ಕ್ರಮ, ಏಕೆಂದರೆ ತೀವ್ರ ಸಂಕಟದ ಗಳಿಗೆ ಸಾಮಾನ್ಯವಾಗಿ ಅಲ್ಪಾವಧಿಯದು. ಮನೆಮನೆಗೆ ಬೀಗದ ಪೆಟ್ಟಿಗೆ ಹಂಚುವುದು ನೋಡಲು ಸರಳ ಉಪಾಯ. ಆದರೆ ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಅದೇ ದೇಶ 1980ರ ದಶಕದಿಂದ ಹೆಚ್ಚು ಅಪಾಯಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ, 1990ರ ದಶಕದ ಮಧ್ಯದಲ್ಲಿ ತುತ್ತತುದಿ ಮುಟ್ಟಿದ್ದ ಆತ್ಮಹತ್ಯೆಯ ಪ್ರಮಾಣ ಮುಂದಿನ ಎರಡು ದಶಕಗಳಲ್ಲಿ ಸುಮಾರು 70 ಪ್ರತಿಶತ ಇಳಿಯಿತು. ತಮಿಳುನಾಡಿನ ಹಳ್ಳಿಗಳಲ್ಲಿ ಸಾಮೂಹಿಕ ದಾಸ್ತಾನು ಕೊಠಡಿಯ ಪ್ರಯೋಗ ಭರವಸೆ ಮೂಡಿಸಿತು, ಆದರೆ ಅದು ಚಿಕ್ಕದು.

ನಿಷೇಧ ಜಿಲ್ಲೆಯ ಕೈಯಲ್ಲಿಲ್ಲ. ಜಿಲ್ಲೆ ಮಾಡಬಹುದಾದದ್ದು, ತನ್ನ ಆಸ್ಪತ್ರೆಗಳಲ್ಲಿ ಯಾವ ಉತ್ಪನ್ನಗಳಿಂದ ಹೆಚ್ಚು ಸಾವಾಗುತ್ತಿದೆ ಎಂಬ ಪಟ್ಟಿಯನ್ನು, ರೋಗಿಗಳ ಹೆಸರಿಲ್ಲದೆ, ಕೃಷಿ ಮತ್ತು ಆರೋಗ್ಯ ಇಲಾಖೆಗಳಿಗೆ ಕ್ರಮವಾಗಿ ಕಳುಹಿಸುತ್ತಾ ಹೋಗುವುದು. ಸಾಮೂಹಿಕ ದಾಸ್ತಾನು ಎಲ್ಲ ಕಡೆಗೂ ಒಗ್ಗುವುದಿಲ್ಲ. ದೊಡ್ಡ ಕಾಫಿ ತೋಟಗಳಲ್ಲಿ ಗೋದಾಮಿದೆ, ಕೀಲಿ ತೋಟದ ಕೆಲಸ ನೋಡಿಕೊಳ್ಳುವ ರೈಟರ ಬಳಿಯಿರುತ್ತದೆ. ಅಲ್ಲಿ ಮಾಲೀಕರೊಂದಿಗೆ ಮಾತನಾಡಿದರೆ ಸಾಕು. ಮನೆಯಿಂದ ಮನೆಗೆ ಗುಡ್ಡ ದಾಟಬೇಕಾದ ಕೊಪ್ಪದ ಸಣ್ಣ ಅಡಿಕೆ ಬೆಳೆಗಾರರಿಗೆ ಅದು ಆಗದ ಮಾತು, ಆದರೆ ಮನೆಗಳು ಒತ್ತಾಗಿರುವ ಕಡೂರು, ಅಜ್ಜಂಪುರದ ಹಳ್ಳಿಗಳಲ್ಲಿ ಸಹಕಾರ ಸಂಘದ ಕಟ್ಟಡದಲ್ಲಿ ಪ್ರಯತ್ನಿಸಿ ನೋಡಬಹುದು.

ರೈತರ ಸಾಲವೊಂದೇ ಕಾರಣವೆಂಬ ಗ್ರಹಿಕೆಯಿಂದ ಎಲ್ಲ ಶಕ್ತಿಯನ್ನೂ ಒಂದೇ ಕಡೆ ಸುರಿಯುವುದು ಸರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924, ಕರ್ನಾಟಕದಲ್ಲಿ 13,606 ಆತ್ಮಹತ್ಯೆಗಳು ದಾಖಲಾದವು. ದೇಶದ ಮಟ್ಟದಲ್ಲಿ 31.7 ಪ್ರತಿಶತಕ್ಕೆ ಕೌಟುಂಬಿಕ ಸಮಸ್ಯೆ, 18.4 ಪ್ರತಿಶತಕ್ಕೆ ಅನಾರೋಗ್ಯ ಕಾರಣವೆಂದು ನಮೂದಾಗಿದೆ. ಪೊಲೀಸ್ ನಮೂದು ಒಂದೇ ಕಾರಣವನ್ನು ಹಿಡಿಯುತ್ತದೆ, ಬದುಕಿನಲ್ಲಿ ಅವು ಹೆಣೆದುಕೊಂಡಿರುತ್ತವೆ.

ಪೊಲೀಸರ ಭಯ

ಎಂಎಲ್‌ಸಿ ಎಂದೊಡನೆ ಮನೆಯವರು ‘ಅಕಸ್ಮಾತ್ ಆಯಿತು’ ಎಂದು ಬರೆಸುವುದುಂಟು, ಅಲ್ಲಿಗೆ ರಿಜಿಸ್ಟರಿನ ಬಾಗಿಲೇ ಮುಚ್ಚುತ್ತದೆ. ಅವರಿಗೆ ವಾರ್ಡಿನಲ್ಲೇ ತಿಳಿಸಬೇಕಾದ ಸಂಗತಿ ಇದು: 2017ರ ಕಾಯ್ದೆಯ 115ನೆಯ ಕಲಂ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಮತ್ತು ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯಾ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮೂ ಉಳಿದಿಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಹೇರಲು ಅಥವಾ ತಡೆಯೊಡ್ಡಲು ಯತ್ನಿಸಿದ ಪ್ರಕರಣಗಳಿಗೆ ಮಾತ್ರ 226ನೆಯ ಕಲಂ ಇದೆ. ಇದನ್ನು ಸರಳ ಕನ್ನಡದಲ್ಲಿ ಮುದ್ರಿಸಿ ಕ್ಯಾಶುವಾಲ್ಟಿಯ ಗೋಡೆಗೆ ಹಾಕುವುದು ಎಷ್ಟೋ ಉಪನ್ಯಾಸಗಳಿಗಿಂತ ಮೇಲು.

ಯಾವ ತಾಲ್ಲೂಕಿನಿಂದ ಆರಂಭ?

2022ರ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿ 2030ರೊಳಗೆ ಸಾವಿನ ಪ್ರಮಾಣವನ್ನು 10 ಪ್ರತಿಶತ ಇಳಿಸುವ ಗುರಿಯಿಟ್ಟಿದೆ. ಒಂದು ತಾಲ್ಲೂಕಿನ ಮಟ್ಟದಲ್ಲಿ ಸಾವಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡರೆ ತಂಡ ದಾರಿ ತಪ್ಪುತ್ತದೆ. ಅಳೆಯಬೇಕಾದದ್ದು, ಯತ್ನಿಸಿ ಬಂದ ಒಟ್ಟು ಜನರಲ್ಲಿ ಎಷ್ಟು ಜನರ ಕೈಯಲ್ಲಿ ಸುರಕ್ಷತಾ ಯೋಜನೆಯಿತ್ತು, ಎಷ್ಟು ಜನರನ್ನು ಮನೆಗೆ ಬಂದ ಮೂರು ದಿನದೊಳಗೆ ಮಾತನಾಡಿಸಲಾಯಿತು ಎಂಬುದನ್ನು. ಹೊರ ಜಿಲ್ಲೆಗೆ ರೆಫರ್ ಆದವರನ್ನೂ ಆ ಒಟ್ಟು ಲೆಕ್ಕದಲ್ಲಿ ಸೇರಿಸಿಯೇ.

ಕಡೂರಿನಲ್ಲಿ ಆರಂಭಿಸುವುದು ಸುಲಭ: ರಸ್ತೆ, ರೈಲು, ಸಿಗ್ನಲ್ ಎಲ್ಲವೂ ಇವೆ, ಅಂಕಿಗಳೂ ಬೇಗ ಚೆನ್ನಾಗಿ ಕಾಣುತ್ತವೆ. ಆದರೂ ನಾನು ಕೊಪ್ಪವನ್ನು ಆರಿಸುತ್ತೇನೆ, ಏಕೆಂದರೆ ಬಯಲುಸೀಮೆಗೆ ಹೊಲಿದ ಏರ್ಪಾಡನ್ನು ಆಮೇಲೆ ಮಲೆನಾಡಿಗೆ ಹೊಂದಿಸಲು ಹೋದರೆ ಮತ್ತೆ ಮೊದಲಿನಿಂದ ಕೂರಬೇಕಾಗುತ್ತದೆ. ಅಲ್ಲಿ ಮೇ ತಿಂಗಳೊಳಗೆ, ಮಳೆ ಹಿಡಿದು ರಸ್ತೆ ಮತ್ತು ಕರೆಂಟು ಕೈಕೊಡುವ ಮುನ್ನ, ಮೂರು ಕೆಲಸ ಮುಗಿದಿರಬೇಕು: ಇಬ್ಬರು ಶುಶ್ರೂಷಾಧಿಕಾರಿಗಳ ಹೆಸರಿನಲ್ಲಿ ಆದೇಶ, ತಾಲ್ಲೂಕು ಆಸ್ಪತ್ರೆಗೇ ಸೇರಿದ ಒಂದು ಮೊಬೈಲ್ ಸಿಮ್, ಏಕೆಂದರೆ ಸಿಬ್ಬಂದಿಯ ಸ್ವಂತ ನಂಬರು ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ, ಮತ್ತು ಶಿವಮೊಗ್ಗ, ಮಣಿಪಾಲದ ಆಸ್ಪತ್ರೆಗಳಲ್ಲಿ ನಮ್ಮ ರೆಫರಲ್ ರೋಗಿ ಬಿಡುಗಡೆಯಾಗುವ ದಿನ ಆ ಸಿಮ್ಮಿಗೆ ಒಂದು ಕರೆ ಮಾಡಲು ಒಪ್ಪಿದ ಒಬ್ಬೊಬ್ಬರ ಹೆಸರು.